ಘಾಟಿ ಇಳಿಯುವ ಲಾರಿಯ ಲೆಕ್ಕ

ನಮಸ್ಕಾರ. ಕೆಲಸ-ಶಕ್ತಿ ಪ್ರಮೇಯವನ್ನು ನಮ್ಮ ಪಿಯುಸಿ ತರಗತಿಗಳಲ್ಲಿ ಕಲಿಸುವ ಕ್ರಮದ ಬಗ್ಗೆ ನನಗೆ ಗಂಭೀರವಾದ ಆಕ್ಷೇಪವಿದೆ. ಕಾಯದ ಮೇಲೆ ನಡೆದ ಕೆಲಸವು (ಬಲ ಮತ್ತು ಆ ಬಲದ ದಿಕ್ಕಿನಲ್ಲಿ ಕಾಯ ಸರಿದ ದೂರದ ಗುಣಲಬ್ಧ) ಅದರ ಚಲನಶಕ್ತಿಯಲ್ಲಾದ, ಅಂದರೆ ಚಲನೆಯಿಂದ ಅದಕ್ಕಿರುವ ಶಕ್ತಿಯಲ್ಲಾದ, ಬದಲಾವಣೆಗೆ ಸಮ ಎಂದು ಮಕ್ಕಳು ಕಂಠಪಾಠ ಮಾಡುತ್ತಾರೆ. ಆದರೆ ಆ ಕೆಲಸ ಯಾವುದೋ ಒಂದು ಬಲದ್ದಲ್ಲ, ಎಲ್ಲ ಬಲಗಳ ಕೆಲಸವನ್ನೂ ಧನ-ಋಣ ಚಿಹ್ನೆಗಳೊಡನೆ (ಚಲನೆಗೆ ನೆರವಾದರೆ ಧನ, ಚಲನೆಯನ್ನು ತಡೆದರೆ ಋಣ) ಕೂಡಿಸಿದಾಗ ಉಳಿಯುವ ನಿವ್ವಳ ಕೆಲಸ ಎಂಬುದು ಪರೀಕ್ಷೆಯ ಅವಸರದಲ್ಲಿ ಬಿಟ್ಟುಹೋಗುತ್ತದೆ. ಹಾಗೆ ಬಿಟ್ಟುಹೋಗುವುದು ಪ್ರಮೇಯದ ಜೀವಾಳವೇ.

ನುಣುಪಾದ ನೆಲದ ಮೇಲೆ ಒಂದೇ ಬಲ ತಳ್ಳುವ ಪೆಟ್ಟಿಗೆಯ ಲೆಕ್ಕದಲ್ಲಿ ಈ ಕೊರತೆ ಕಾಣುವುದಿಲ್ಲ. ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿಯುವ ಲಾರಿಯನ್ನು ತೆಗೆದುಕೊಂಡರೆ ತಕ್ಷಣ ಕಾಣುತ್ತದೆ. ಸರಕು ಸೇರಿ 16 ಟನ್ ತೂಗುವ ಲಾರಿಯೊಂದು ಗಂಟೆಗೆ 36 ಕಿಲೋಮೀಟರಿನಂತೆ, ಅಂದರೆ ಸೆಕೆಂಡಿಗೆ 10 ಮೀಟರಿನಂತೆ, ಒಂದೇ ವೇಗದಲ್ಲಿ ಇಳಿಯುತ್ತಿದೆ ಎಂದುಕೊಳ್ಳೋಣ. ಅದರ ಚಲನಶಕ್ತಿ 8 ಲಕ್ಷ ಜೂಲ್. ವೇಗ ಬದಲಾಗದ ಕಾರಣ ನಿವ್ವಳ ಕೆಲಸ ಸೊನ್ನೆ. ಹಾಗೆಂದು ಅಲ್ಲಿ ಏನೂ ನಡೆಯುತ್ತಿಲ್ಲವೇ? ನೇರ ಎತ್ತರದಲ್ಲಿ 500 ಮೀಟರ್ ಇಳಿಯುವಷ್ಟರಲ್ಲಿ ಗುರುತ್ವ ಬಲವು 7.84 ಕೋಟಿ ಜೂಲ್ ಧನ ಕೆಲಸ ಮಾಡಿರುತ್ತದೆ. ಬ್ರೇಕು, ಎಂಜಿನ್ ಮತ್ತು ಗಾಳಿಯ ತಡೆ ಸೇರಿ ಅಷ್ಟೇ ಪ್ರಮಾಣದ ಋಣ ಕೆಲಸ ಮಾಡಿರಬೇಕು. ಲಾರಿಯ ಚಲನಶಕ್ತಿಯ ಸುಮಾರು ನೂರು ಪಟ್ಟು ಇದು. 250 ಲೀಟರ್ ನೀರನ್ನು 30 ಡಿಗ್ರಿಯಿಂದ ಕುದಿಯುವ ಹಂತಕ್ಕೆ ತರಲು ಸಾಕಾಗುವಷ್ಟು ಶಕ್ತಿ.

ಅದರಲ್ಲಿ ಹೆಚ್ಚಿನ ಪಾಲನ್ನು ಬ್ರೇಕುಗಳೇ ಹೊತ್ತರೆ ಅವು ವಿಪರೀತ ಕಾದು ಹಿಡಿತ ಕಳೆದುಕೊಳ್ಳುತ್ತವೆ. ಕೆಳಗಿನ ಗೇರಿನಲ್ಲಿ ಇಳಿದಾಗ ಗಾಲಿಗಳೇ ಎಂಜಿನ್ನನ್ನು ತಿರುಗಿಸುವಂತಾಗಿ, ಋಣ ಕೆಲಸದ ದೊಡ್ಡ ಪಾಲು ಎಂಜಿನ್ನಿಗೆ ಹಂಚಿಹೋಗುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬ ಚಾಲಕರ ಅನುಭವದ ಮಾತಿಗೆ ಪ್ರಮೇಯವು ಕೊಡುವ ಆಧಾರ ಇದೇ. ಬ್ರೇಕ್ ಕೈಕೊಟ್ಟ ಗಳಿಗೆಯಿಂದ ನಿವ್ವಳ ಕೆಲಸ ಸೊನ್ನೆಯಾಗಿ ಉಳಿಯುವುದಿಲ್ಲ, ವೇಗ ಏರತೊಡಗುತ್ತದೆ. ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಕು ಪಟ್ಟಾಗುವುದರಿಂದ, ಅದೇ ತಡೆಬಲದಲ್ಲಿ ನಿಲ್ಲಲು ಸಮತಟ್ಟಾದ ರಸ್ತೆಯಲ್ಲೂ ನಾಲ್ಕು ಪಟ್ಟು ದೂರ ಬೇಕು.

ಇದು ಪಠ್ಯಕ್ಕೆ ಹೊರಗಿನ ವಿಷಯವೆಂದು ಹೇಳುವವರಿಗೆ ಇತಿಹಾಸವನ್ನು ನೆನಪಿಸುತ್ತೇನೆ. ಇಂದಿನ ಅರ್ಥದ 'ಕೆಲಸ'ವನ್ನು 1829ರಲ್ಲಿ ಸ್ಪಷ್ಟವಾಗಿ ನಿರೂಪಿಸಿದ ಫ್ರಾನ್ಸಿನ ವಿಜ್ಞಾನಿ ಕೊರಿಯೊಲಿಸ್, ಅದನ್ನು ಮಾಡಿದ್ದು ಯಂತ್ರಗಳ ಕುರಿತ ಗ್ರಂಥದಲ್ಲಿಯೇ.

ಆದ್ದರಿಂದ ನನ್ನ ಬೇಡಿಕೆ ಇಷ್ಟು: ಪರೀಕ್ಷೆಯಲ್ಲಿ ಸೂತ್ರವನ್ನು ನಿರೂಪಿಸಿರಿ ಎಂದು ಕೇಳುವ ಬದಲು, ಒಂದೇ ವೇಗದಲ್ಲಿ ಘಾಟಿ ಇಳಿಯುವ ವಾಹನದ ಮೇಲೆ ಪ್ರತಿಯೊಂದು ಬಲವೂ ಮಾಡುವ ಕೆಲಸವನ್ನು ಚಿಹ್ನೆಸಹಿತ ಬರೆಯಿರಿ ಎಂದು ಕೇಳಬೇಕು.