ಅಮೆರಿಕಾನಾ, ಜರ್ಮನಿನಾ? ಪೇಸ್ಲಿಪ್ ಹೇಳದ ಲೆಕ್ಕ

ನಮಸ್ಕಾರ. ಹೊರದೇಶದಲ್ಲಿ ಕೆಲಸ ಸಿಕ್ಕಿತು ಅಂದರೆ ನಮ್ಮ ಕಡೆ ಮೊದಲ ಪ್ರಶ್ನೆ, "ಸಂಬಳ ಎಷ್ಟು?" ಅಷ್ಟೇ ಕೇಳಿ ಸುಮ್ಮನಾದರೆ ಅಮೆರಿಕ ಆರಾಮಾಗಿ ಗೆಲ್ಲುತ್ತದೆ. ಸಾಫ್ಟ್‌ವೇರ್ ಕೆಲಸದಲ್ಲಂತೂ ಜರ್ಮನಿ ಅದರ ಹತ್ತಿರಕ್ಕೂ ಬರುವುದಿಲ್ಲ.

(ಪರದೆ ಮೇಲೆ: ಎರಡು ಪೇಸ್ಲಿಪ್, ಅಕ್ಕಪಕ್ಕ)

ಸಾಲದ್ದಕ್ಕೆ ಕಡಿತ ಬೇರೆ. ಸರಾಸರಿ ಸಂಬಳದ, ಮದುವೆಯಾಗದ ನೌಕರನಿಗೆ ಜರ್ಮನಿಯಲ್ಲಿ ನೂರಕ್ಕೆ ಸುಮಾರು 37 ಕಡಿತ. ಅಮೆರಿಕದಲ್ಲಿ ಸುಮಾರು 24. ಆದರೆ ತಡೆಯಿರಿ, ಆ 37ರಲ್ಲಿ ಆರೋಗ್ಯ ವಿಮೆಯೂ ಸೇರಿದೆ. ಈ 24ರಲ್ಲಿ ಸೇರಿಲ್ಲ.

ಅಸಲಿ ವ್ಯತ್ಯಾಸ ಇರುವುದು ಇಲ್ಲೇ. ಕಷ್ಟಕಾಲಕ್ಕೆ ಬೇಕಾದ ದುಡ್ಡನ್ನು ಜರ್ಮನಿ ಮೊದಲೇ ಹಿಡಿದುಕೊಳ್ಳುತ್ತದೆ. ಅಮೆರಿಕ ಅದನ್ನು ಕೈಗೆ ಕೊಟ್ಟು, ಕಷ್ಟ ಬಂದರೆ ನೀನೇ ನೋಡ್ಕೋ ಅನ್ನುತ್ತದೆ.

(ಪರದೆ ಮೇಲೆ: ಆಸ್ಪತ್ರೆ)

ಜರ್ಮನಿಯಲ್ಲಿ ಕಾಯಿಲೆ ಬಿದ್ದರೆ 6 ವಾರ ಕಂಪನಿಯೇ ಪೂರ್ತಿ ಸಂಬಳ ಕೊಡಬೇಕು. ಆಮೇಲೆ ಸರ್ಕಾರಿ ವಿಮೆಯಿಂದ ಸಂಬಳದ 70% ತನಕ ಬರುತ್ತದೆ. ಆಗ ಜರ್ಮನಿಯ ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಆಗಿದ್ದ ಬಿಸ್ಮಾರ್ಕ್ 1883ರಲ್ಲೇ ಈ ವಿಮೆಗೆ ಕಾನೂನು ತಂದಿದ್ದ. ಅಮೆರಿಕದಲ್ಲಿ 1993ರ ಕೇಂದ್ರ ಕಾನೂನು 12 ವಾರ ರಜೆ ಕೊಡುತ್ತದೆ, ಸಂಬಳ ಇಲ್ಲದೆ! ಖಾಸಗಿ ಕಂಪನಿಯಾದರೆ 50 ಜನರಾದರೂ ಕೆಲಸಕ್ಕಿರಬೇಕು. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ಸ್ವಲ್ಪ ಉದಾರ. ಅಮೆರಿಕದಲ್ಲಿ ವಿಮೆ ಇದ್ದರೂ ಡಿಡಕ್ಟಿಬಲ್, ಅಂದರೆ ವರ್ಷಕ್ಕೆ ಮೊದಲು ನೀವೇ ಕಟ್ಟಬೇಕಾದ ಮೊತ್ತ, ಮುಗಿಯುವ ತನಕ ಹೆಚ್ಚಿನ ಬಿಲ್ಲು ನಿಮ್ಮ ಜೇಬಿಂದಲೇ.

ಹೆರಿಗೆಗೆ ಜರ್ಮನಿಯಲ್ಲಿ 14 ವಾರ ಸಂಬಳ ಸಮೇತ ರಜೆ. ವರ್ಷಕ್ಕೆ ಕನಿಷ್ಠ 4 ವಾರ ಸಂಬಳದ ರಜೆಯೂ ಕಾನೂನಿನ ಹಕ್ಕು. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಅಂಥ ರಜೆ ಒಂದು ದಿನವೂ ಇಲ್ಲ.

ಹಾಗಂತ ಜರ್ಮನಿ ಸ್ವರ್ಗ ಏನಲ್ಲ. ಭಾನುವಾರ ಅಂಗಡಿ ಬಾಗಿಲು ಬಂದ್. ಮ್ಯೂನಿಕ್‌ನಲ್ಲಿ ಬಾಡಿಗೆ ಮನೆ ಹುಡುಕುವುದೇ ಒಂದು ಉದ್ಯೋಗ. ರೈಲು? 2024ರಲ್ಲಿ ದೂರದ ರೈಲುಗಳಲ್ಲಿ ಮೂರಕ್ಕೊಂದಕ್ಕಿಂತ ಜಾಸ್ತಿ ತಡವಾಗಿದ್ದವು. 6 ನಿಮಿಷ ಆದರೂ ಅಲ್ಲಿ ತಡವೇ, ನಮಗೆ ನಗು ಬರಬಹುದು. ಭಾಷೆ ಕಲಿಯದೆ ಹೋದರೆ ಪ್ರತಿ ಸರ್ಕಾರಿ ಪತ್ರಕ್ಕೂ ಯಾರದೋ ಸಹಾಯ ಬೇಡಬೇಕು. ವಯಸ್ಸಿದೆ, ಆರೋಗ್ಯ ಇದೆ, ಕೆಲವು ವರ್ಷ ದುಡಿದು ಉಳಿಸಬೇಕು ಅನ್ನುವವರಿಗೆ ನನ್ನ ಓಟು ಈಗಲೂ ಅಮೆರಿಕಕ್ಕೇ.

(ಪರದೆ ಮೇಲೆ: ಪಾಸ್‌ಪೋರ್ಟ್, ವೀಸಾ)

ಆದರೆ ನಮ್ಮವರಿಗೆ ವೀಸಾ ಅನ್ನೋದು ಇದೆಯಲ್ಲ! ಅಮೆರಿಕದ ಕೆಲಸದ ವೀಸಾ ಎಚ್-1ಬಿಯಲ್ಲಿ ಇದ್ದಾಗ ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಬೇರೆ ಕೆಲಸ ಅಥವಾ ಬೇರೆ ವೀಸಾ ದಾರಿ, ಇಲ್ಲದಿದ್ದರೆ ಗಂಟುಮೂಟೆ. ಉದ್ಯೋಗದ ಮೇಲೆ ಸಿಗುವ ಗ್ರೀನ್ ಕಾರ್ಡ್‌ನಲ್ಲಿ, ಅಂದರೆ ಕಾಯಂ ವಾಸದ ಪರವಾನಗಿಯಲ್ಲಿ, ವರ್ಷಕ್ಕೆ ಒಂದು ದೇಶದವರಿಗೆ ಸಾಮಾನ್ಯವಾಗಿ 7% ಮಿತಿ. ಹಾಗಾಗಿ ಭಾರತೀಯರ ಸರದಿ ಹತ್ತು ವರ್ಷ ದಾಟಿದರೂ ಕರಗುವುದಿಲ್ಲ. ಜರ್ಮನಿಯಲ್ಲಿ ಬ್ಲೂ ಕಾರ್ಡ್ (ಓದಿದ, ನುರಿತ ವಿದೇಶಿ ಕೆಲಸಗಾರರ ಪರವಾನಗಿ) ಇದ್ದವರಿಗೆ 27 ತಿಂಗಳಲ್ಲಿ ಕಾಯಂ ವಾಸ ಸಿಗಬಹುದು. ಜರ್ಮನ್ ಭಾಷೆಯ ಮಧ್ಯಮ ಹಂತದ ಬಿ1 ಪರೀಕ್ಷೆ ಪಾಸಾಗಿದ್ದರೆ 21.

ಇನ್ನು ಅಪ್ಪ-ಅಮ್ಮ. ಅವರನ್ನು ಅಮೆರಿಕದಲ್ಲಿ ಕಾಯಂ ಆಗಿ ಇಟ್ಟುಕೊಳ್ಳಲು ನೀವು ಮೊದಲು ಅಲ್ಲಿನ ಪೌರರಾಗಬೇಕು. ಜರ್ಮನಿ 2024ರ ಮಾರ್ಚ್‌ನಿಂದ ಹೊಸದಾಗಿ ಬರುವ ನುರಿತ ಕೆಲಸಗಾರರಿಗೆ ತಂದೆ-ತಾಯಿಯನ್ನು ಕರೆಸಿಕೊಳ್ಳುವ ದಾರಿ ತೆರೆದಿದೆ. ಷರತ್ತು, ಅವರ ಖರ್ಚು ಮತ್ತು ಆರೋಗ್ಯ ವಿಮೆ ನಿಮ್ಮದು. ಎಪ್ಪತ್ತು ದಾಟಿದವರಿಗೆ ಅಲ್ಲಿ ಹೊಸದಾಗಿ ವಿಮೆ ಮಾಡಿಸುವುದು ಬಹಳ ಕಷ್ಟ. ಟಿಕೆಟ್ ಬುಕ್ ಮಾಡುವ ಮುಂಚೆ ಅದನ್ನೇ ವಿಚಾರಿಸಿ.