ಮೊದಲು ಜಾಗ, ಆಮೇಲೆ ಹೂಗಿಡ

ಕೇಳುಗರೆಲ್ಲರಿಗೂ ನಮಸ್ಕಾರ.

ಹೂಗಿಡದ ಮಾತು ತೆಗೆದರೆ ಬಹಳ ಜನ ಕೇಳುವ ಪ್ರಶ್ನೆ ಒಂದೇ. "ಹೆಚ್ಚು ಆರೈಕೆ ಬೇಡದ, ಸದಾ ಹೂ ಬಿಡುವ ಗಿಡ ಯಾವುದು, ಹೇಳಿ." ಕೇಳುವುದರಲ್ಲಿ ತಪ್ಪೇನೂ ಇಲ್ಲ. ಬೆಳಗ್ಗೆ ಕೆಲಸಕ್ಕೆ ಹೊರಟು ಕತ್ತಲಾದ ಮೇಲೆ ಮನೆ ಸೇರುವವರಿಗೆ, ಮಂಡಿನೋವಿನಿಂದ ಬಗ್ಗಿ ಏಳಲಾಗದ ಹಿರಿಯರಿಗೆ, ಕೈಗೂಸಿರುವ ಮನೆಯವರಿಗೆ ದಿನವೂ ಗಿಡದ ಹಿಂದೆ ಓಡಾಡಲು ಎಲ್ಲಿಯ ಪುರುಸೊತ್ತು? ಆದರೆ ಗಿಡದ ಹೆಸರು ಹೇಳಿಬಿಟ್ಟರೆ ಅದು ಅರ್ಧ ಉತ್ತರ. ಇನ್ನರ್ಧ ಇರುವುದು ಅವರದೇ ಅಂಗಳದ ಮಣ್ಣಿನಲ್ಲಿ, ಅಲ್ಲಿ ಬೀಳುವ ಬಿಸಿಲಿನಲ್ಲಿ. ಒಂದೇ ತಾಯಿಗಿಡದಿಂದ ಕಡ್ಡಿ ಮುರಿದು ಎರಡು ಕಡೆ ನೆಟ್ಟ ದಾಸವಾಳ ನೋಡಿ. ಒಂದು ಮೈತುಂಬ ಹೂ ಹೊತ್ತು ನಿಂತಿರುತ್ತದೆ. ಇನ್ನೊಂದು ಸೊರಗಿ, ಮೊಗ್ಗು ಉದುರಿಸಿಕೊಂಡು ನಿಂತಿರುತ್ತದೆ. ಗಿಡ ಒಂದೇ. ನಿಂತ ಜಾಗ ಬೇರೆ.

ನನಗೆ ಇದನ್ನು ಕಲಿಸಿದ್ದು ಕೇಪಳದ ಗಿಡ. ಗುಡ್ಡೆ ದಾಸವಾಳ ಅಂತಲೂ ಕರೆಯುತ್ತಾರಲ್ಲ, ಕೆಂಪು ಗೊಂಚಲಿನ ಹೂವು, ಅದೇ. ಹೊಸದಾಗಿ ಕಟ್ಟಿದ ಗೋಡೆಯ ಬುಡಕ್ಕೆ ಚೆನ್ನಾಗಿ ಒಪ್ಪುತ್ತದೆ ಎಂದು ಸಾಲಾಗಿ ಐದು ಸಸಿ ನೆಟ್ಟಿದ್ದೆ. ಕೆಲವು ತಿಂಗಳಲ್ಲಿ ಚಿಗುರೆಲ್ಲ ಹಳದಿಗೆ ತಿರುಗಿತು. ಎಲೆ ಹಳದಿ, ನರ ಮಾತ್ರ ಹಸಿರು. ಗೊಬ್ಬರ ಸಾಲದೇನೋ ಎಂದು ಗೊಬ್ಬರ ಹಾಕಿದೆ. ನೀರು ಸಾಲದೇನೋ ಎಂದು ನೀರು ಹೆಚ್ಚಿಸಿದೆ. ಏನು ಮಾಡಿದರೂ ಹಳದಿ ಬಿಡಲಿಲ್ಲ. ಕೊನೆಗೆ ಒಂದು ಗಿಡವನ್ನು ಕಿತ್ತು ನೋಡಿದರೆ ಬೇರಿನ ಸುತ್ತ ಒಡೆದ ಗಾರೆ, ಸಿಮೆಂಟಿನ ಹೆಂಟೆ. ಗೋಡೆ ಕಟ್ಟಿದಾಗ ಉಳಿದದ್ದನ್ನೆಲ್ಲ ಅಲ್ಲೇ ಹೂತು ಮೇಲೆ ಮಣ್ಣು ಹರಡಿದ್ದರು.

ಕೇಪಳಕ್ಕೆ ಬೇಕಾದದ್ದು ತುಸು ಹುಳಿಯಾದ ಮಣ್ಣು. ಗಾರೆ, ಸುಣ್ಣ, ಸಿಮೆಂಟು ಬೆರೆತ ಮಣ್ಣು ಕ್ಷಾರವಾಗುತ್ತದೆ. ಅಂಥ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಅದನ್ನು ಹೀರಿಕೊಳ್ಳಲು ಆಗುವುದಿಲ್ಲ. ಕಬ್ಬಿಣ ಸಿಗದೆ ಎಲೆಯಲ್ಲಿ ಹಸಿರು ಕೂಡುವುದಿಲ್ಲ. ಎಳೆಯ ಎಲೆ ಮೊದಲು ಹಳದಿಯಾಗುವುದು ಅದಕ್ಕೇ. ಎಷ್ಟು ಗೊಬ್ಬರ ಸುರಿದರೂ ಇದು ಸರಿಹೋಗುವ ತೊಂದರೆಯಲ್ಲ. ಉಳಿದ ಗಿಡಗಳನ್ನು ಬೇರುಮಣ್ಣಿನ ಸಮೇತ ಎತ್ತಿ ಅಂಗಳದ ಇನ್ನೊಂದು ಮೂಲೆಗೆ ಸಾಗಿಸಿದೆ. ಅಲ್ಲಿ ವರ್ಷಗಟ್ಟಲೆ ತರಗೆಲೆ ಬಿದ್ದು ಕೊಳೆತ ಕಪ್ಪು ಮಣ್ಣಿತ್ತು. ಮುಂದಿನ ಚಿಗುರು ಹಸಿರಾಗಿಯೇ ಬಂತು. ಗೋಡೆಯ ಬುಡಕ್ಕೆ ರತ್ನಗಂಧಿ ತಂದು ನೆಟ್ಟೆ. ಸುಣ್ಣದ ಮಣ್ಣು, ಕಾದ ಗೋಡೆ, ಒಣ ನೆಲ ಯಾವುದಕ್ಕೂ ಅದು ಹಿಂಜರಿಯುವುದಿಲ್ಲ. ಕೆಂಪು, ಹಳದಿ ಬೆರೆತ ಹೂವು, ಹೊರಕ್ಕೆ ಚಾಚಿದ ಉದ್ದನೆಯ ಕೇಸರ. ಅದೇ ಗೋಡೆ, ಅದೇ ಮಣ್ಣು, ಗಿಡ ಮಾತ್ರ ಬದಲಾಯಿತು.

ಹಾಗಾಗಿ ಸಸಿ ತರುವ ಮೊದಲು ಎರಡು ಕೆಲಸ ಮಾಡಿ ಎಂದು ಎಲ್ಲರಿಗೂ ಹೇಳುತ್ತೇನೆ. ರಜೆಯ ಒಂದು ದಿನ ಎರಡು ಗಂಟೆಗೊಮ್ಮೆ ಅಂಗಳಕ್ಕೆ ಬಂದು, ಬಿಸಿಲು ಎಲ್ಲಿ ಬಿದ್ದಿದೆ, ನೆರಳು ಎಲ್ಲಿಗೆ ಸರಿದಿದೆ ನೋಡಿಕೊಳ್ಳಿ. ದಿನಕ್ಕೆ 6 ಗಂಟೆ ನೇರ ಬಿಸಿಲು ಬಿದ್ದರೆ ಅದು ಪೂರ್ಣ ಬಿಸಿಲಿನ ಜಾಗ. ಹೆಚ್ಚಿನ ಹೂಪೊದೆಗಳಿಗೆ ಬೇಕಾದದ್ದು ಅದು. 3-4 ಗಂಟೆ ಬೀಳುವ ಕಡೆ ಅರೆನೆರಳು. ಬೆಳಗಿನ ಬಿಸಿಲಾದರೆ ಗಿಡಕ್ಕೆ ಹಿತ, ಮಧ್ಯಾಹ್ನದ ಮೇಲಿನ ಬಿಸಿಲಾದರೆ ಕಟು, ಅದನ್ನೂ ಗುರುತು ಹಾಕಿಕೊಳ್ಳಿ. ಋತು ಬದಲಾದಾಗ ಸೂರ್ಯನ ದಾರಿ ಸರಿಯುತ್ತದೆ, ಜೊತೆಗೆ ಗೋಡೆಯ ನೆರಳೂ ಸರಿಯುತ್ತದೆ. ಇವತ್ತು ಕಂಡದ್ದೇ ವರ್ಷವಿಡೀ ಇರುವುದಿಲ್ಲ ಅನ್ನುವುದು ನೆನಪಿರಲಿ.

ಇನ್ನೊಂದು, ನೀರಿನ ಪರೀಕ್ಷೆ. ಒಂದು ಅಡಿ ಆಳ, ಒಂದು ಅಡಿ ಅಗಲದ ಗುಂಡಿ ತೋಡಿ ನೀರು ತುಂಬಿಸಿ. ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ. ಕೆಲವು ಗಂಟೆಗಳಲ್ಲಿ ಎರಡನೆಯ ನೀರೂ ಇಂಗಿದರೆ ಚಿಂತೆಯಿಲ್ಲ. ಮರುದಿನ ಬೆಳಗ್ಗೆಯೂ ನೀರು ನಿಂತೇ ಇದ್ದರೆ ಅಲ್ಲಿ ಹೆಚ್ಚಿನ ಗಿಡಗಳ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಮಡಿಯನ್ನು ಒಂದು ಅಡಿ ಏರಿಸಿ ನೆಡಬೇಕು, ಇಲ್ಲವೇ ಕಾಬಾಳೆಯನ್ನು ನೆಡಬೇಕು. ಕಾಬಾಳೆಗೆ ಜವುಗು ನೆಲವೆಂದರೆ ಇಷ್ಟ. ನೀರು ತಂಗುವ ಮೂಲೆಯಲ್ಲಿ ಗೆಡ್ಡೆ ಊರಿದರೆ ಸಾಕು, ಎದೆಯೆತ್ತರ ಬೆಳೆದು ಕೆಂಪು, ಹಳದಿ, ಕಿತ್ತಳೆ ಹೂ ಬಿಡುತ್ತದೆ. ಹೂ ಮುಗಿದ ದಂಟನ್ನು ಬುಡಕ್ಕೆ ಕತ್ತರಿಸಿದರೆ ಪಕ್ಕದಿಂದ ಇನ್ನೊಂದು ಏಳುತ್ತದೆ. ಅದಕ್ಕೆ ಬೇಕಾದ ಆರೈಕೆ ಹೆಚ್ಚುಕಡಿಮೆ ಇಷ್ಟೇ.

ಪೂರ್ಣ ಬಿಸಿಲಿನ ಒಣ ಜಾಗಕ್ಕೆ ಬೋಗನ್‌ವಿಲ್ಲೆಯನ್ನು ಮೀರಿಸುವ ಗಿಡ ನಾನು ಕಂಡಿಲ್ಲ. ಕಾಗದದ ಹೂ ಎಂದು ಕರೆಯುತ್ತೇವೆ, ಸರಿಯಾದ ಹೆಸರೇ. ನಾವು ಹೂವೆಂದು ಮೆಚ್ಚುವ ಆ ಬಣ್ಣದ ದಳಗಳು ದಳಗಳೇ ಅಲ್ಲ, ಬಣ್ಣ ತಿರುಗಿದ ಎಲೆಗಳು. ಮೂರು ಬಣ್ಣದ ಎಲೆಗಳ ನಡುವೆ ಕೊಳವೆಯಂಥ ಮೂರು ಸಣ್ಣ ಬಿಳಿ ಹೂಗಳಿರುತ್ತವೆ, ಹತ್ತಿರ ಹೋಗಿ ನೋಡಿ. ಎಲೆಯಾದ್ದರಿಂದಲೇ ಆ ಬಣ್ಣ ವಾರಗಟ್ಟಲೆ ಬಾಡುವುದಿಲ್ಲ. ಇದರ ತವರು ದಕ್ಷಿಣ ಅಮೆರಿಕ. 1766ರಿಂದ 1769ರವರೆಗೆ ಹಡಗಿನಲ್ಲಿ ಭೂಮಿಯನ್ನು ಸುತ್ತಿ ಬಂದ ಫ್ರೆಂಚ್ ನಾವಿಕ ಬೋಗನ್‌ವಿಲ್‌ನ ತಂಡದಲ್ಲಿ ಫಿಲಿಬರ್ ಕೊಮೆರ್ಸೊ ಎಂಬ ಸಸ್ಯತಜ್ಞನಿದ್ದ. ಬ್ರೆಜಿಲ್‌ನಲ್ಲಿ ಅವರಿಗೆ ಸಿಕ್ಕ ಈ ಬಳ್ಳಿಗೆ ನಾಯಕನ ಹೆಸರು ಬಂತು. ಕೊಮೆರ್ಸೊನ ಸಹಾಯಕಿ ಜಾನ್ ಬಾರೆ ಗಂಡಸಿನ ಉಡುಪು ತೊಟ್ಟು ಅದೇ ಹಡಗು ಹತ್ತಿದ್ದಳು. ಭೂಮಿಯನ್ನು ಪೂರ್ತಿ ಸುತ್ತಿದ ಮೊದಲ ಹೆಂಗಸು ಎಂದು ಇಂದು ಅವಳನ್ನು ನೆನೆಯುತ್ತಾರೆ. ಈ ಗಿಡವನ್ನು ನೋಡಿದಾಗಲೆಲ್ಲ ನನಗೆ ಅವಳೇ ನೆನಪಾಗುತ್ತಾಳೆ.

ಬೋಗನ್‌ವಿಲ್ಲೆ ಹೂ ಬಿಡುತ್ತಿಲ್ಲ ಎಂದು ದೂರುವವರ ಮನೆಯಲ್ಲಿ ಸಾಮಾನ್ಯವಾಗಿ ನಡೆದಿರುವುದು ಅತಿ ಉಪಚಾರ. ದಿನಾ ನೀರು, ತಿಂಗಳಿಗೊಮ್ಮೆ ಗೊಬ್ಬರ ಸಿಕ್ಕರೆ ಅದು ಎಲೆ, ಮುಳ್ಳು, ಕೊಂಬೆ ಬೆಳೆಸುತ್ತಾ ಹೋಗುತ್ತದೆ. ನೆಲ ಒಣಗುವವರೆಗೆ ಸುಮ್ಮನಿದ್ದು, ಎಲೆ ತುಸು ಬಾಡುವಂತೆ ಕಂಡಾಗ ನೀರು ಕೊಡಿ. ಬಣ್ಣ ತಾನಾಗಿ ಬರುತ್ತದೆ. ಹೂವಿನ ಒಂದು ಸುತ್ತು ಮುಗಿದ ಮೇಲೆ ಕೊಂಬೆಗಳನ್ನು ಹಿಂದಕ್ಕೆ ಕತ್ತರಿಸಿದರೆ ಸಾಕು. ಮುಳ್ಳಿರುವುದರಿಂದ ಓಡಾಡುವ ದಾರಿಯ ಪಕ್ಕ ಮಾತ್ರ ಬೇಡ.

ದಾಸವಾಳದ ಸ್ವಭಾವ ಇದಕ್ಕೆ ವಿರುದ್ಧ. ಅದಕ್ಕೆ ಬಿಸಿಲೂ ಬೇಕು, ಬುಡದಲ್ಲಿ ತೇವವೂ ಬೇಕು. ಒಂದೊಂದು ಹೂವಿಗೆ ಸಾಮಾನ್ಯವಾಗಿ ಒಂದೇ ದಿನದ ಆಯುಸ್ಸು. ದಿನವೂ ಹೂ ಕಾಣಬೇಕಾದರೆ ದಿನವೂ ಹೊಸ ಮೊಗ್ಗು ಬರಬೇಕು, ಮೊಗ್ಗು ಬರುವುದು ಹೊಸ ಚಿಗುರಿನಲ್ಲಿ. ಆದ್ದರಿಂದ ವರ್ಷಕ್ಕೊಮ್ಮೆ ಮೂರರಲ್ಲೊಂದು ಪಾಲು ಸವರಲು ಹೆದರಬೇಡಿ. ಇದರ ದೊಡ್ಡ ತೊಂದರೆ ಬಿಳಿ ಹಿಟ್ಟು ತಿಗಣೆ. ಎಲೆಯ ಅಡಿಯಲ್ಲಿ, ಗೆಣ್ಣಿನ ಸಂದಿಯಲ್ಲಿ ಹತ್ತಿಯಂತೆ ಅಂಟಿಕೊಂಡಿರುತ್ತದೆ. ಮೊದಲ ದಿನಗಳಲ್ಲೇ ಕಂಡರೆ ಪೈಪಿನ ನೀರನ್ನು ಜೋರಾಗಿ ಹಾಯಿಸಿ ತೊಳೆದರೆ ಹೋಗುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಕೊಂಬೆಯನ್ನೇ ಕತ್ತರಿಸಬೇಕಾಗುತ್ತದೆ. ನಿಜ ಹೇಳಬೇಕೆಂದರೆ, ವಾರಕ್ಕೊಮ್ಮೆಯೂ ಗಿಡದ ಹತ್ತಿರ ಹೋಗಿ ನೋಡಲು ಆಗದವರಿಗೆ ದಾಸವಾಳವನ್ನು ನಾನು ಹೇಳುವುದಿಲ್ಲ. ಅಂಥವರಿಗೆ ನಂದಿಬಟ್ಟಲು ಹೇಳುತ್ತೇನೆ. ಅರೆನೆರಳಿನಲ್ಲೂ ಬೆಳೆಯುತ್ತದೆ, ಕಡು ಹಸಿರೆಲೆ, ಹಾಲಿನಂಥ ಬಿಳಿ ಹೂ, ಕೀಟದ ಕಾಟ ಕಡಿಮೆ. ಸಂಜೆ ಹೊತ್ತು ಮಾತ್ರ ಅಂಗಳ ನೋಡಲು ಸಿಗುವವರಿಗೆ ಬಿಳಿ ಹೂವೇ ವಾಸಿ, ಮಬ್ಬಿನಲ್ಲಿ ಕೆಂಪು ಮರೆಯಾದ ಮೇಲೂ ಬಿಳಿ ಎದ್ದು ಕಾಣುತ್ತದೆ.

ಅರೆನೆರಳಿಗೆ ಇನ್ನೊಂದಿದೆ, ಬ್ರನ್‌ಫೆಲ್ಸಿಯ. ನೇರಳೆಯಾಗಿ ಅರಳಿ, ಮರುದಿನ ತಿಳಿನೇರಳೆಯಾಗಿ, ಮೂರನೆಯ ದಿನ ಬಿಳಿಯಾಗುತ್ತದೆ. ಮೂರು ಬಣ್ಣದ ಹೂ ಒಂದೇ ಗಿಡದಲ್ಲಿ ನಿಂತಿರುವುದನ್ನು ನೋಡಿದರೆ ಕಣ್ಣು ತುಂಬುತ್ತದೆ. ಆದರೆ ಮನೆಯಲ್ಲಿ ನಾಯಿ ಇದ್ದರೆ ಇದು ಬೇಡ, ಇದರ ಕಾಯಿ, ಬೀಜ ನಾಯಿಗೆ ವಿಷ.

ವಿಷದ ಮಾತು ಬಂದದ್ದರಿಂದ ಇದನ್ನು ಒತ್ತಿ ಹೇಳಬೇಕು. ಆರೈಕೆ ಬೇಡದ ಗಿಡಗಳ ಪಟ್ಟಿಯಲ್ಲಿ ಕಣಗಿಲೆ ಮೊದಲ ಸಾಲಿನಲ್ಲಿರುತ್ತದೆ. ಬರ, ಹೊಗೆ, ಧೂಳು, ಉಪ್ಪುಗಾಳಿ ಎಲ್ಲವನ್ನೂ ತಾಳುತ್ತದೆ, ನಿಜ. ಆದರೆ ಅದರ ಎಲೆ, ಹೂ, ತೊಗಟೆ, ಬೇರು ಎಲ್ಲವೂ ವಿಷ, ಹೃದಯದ ಬಡಿತವನ್ನೇ ಕೆಡಿಸುವಂಥದ್ದು. ಕತ್ತರಿಸಿದ ಕೊಂಬೆಯನ್ನು ಸುಟ್ಟರೆ ಹೊಗೆಯೂ ಅಪಾಯ. ಸಿಕ್ಕಿದ್ದನ್ನು ಬಾಯಿಗೆ ಹಾಕುವ ಮಕ್ಕಳಿರುವ ಮನೆಗೆ, ದನಕರು ಇರುವ ಮನೆಗೆ ಅದು ಎಷ್ಟು ಚೆಂದವಿದ್ದರೂ ಬೇಡ. ಲಂಟಾನದ ಕಥೆ ಬೇರೆ. ಅದು ಬಣ್ಣ ಬಣ್ಣದ ಹೂವಿನಿಂದ ಚಿಟ್ಟೆಗಳನ್ನು ಕರೆಯುತ್ತದೆ, ಆದರೆ ಹಕ್ಕಿಗಳು ಹಣ್ಣು ತಿಂದು ಬೀಜವನ್ನು ಕಾಡಿಗೆ ಒಯ್ಯುತ್ತವೆ. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ನಮ್ಮ ಬೇಲಿಯ ಅಂದಕ್ಕೆ ಕಾಡು ಬೆಲೆ ತೆರುವುದು ನನಗೆ ಸರಿ ಕಾಣುವುದಿಲ್ಲ. ಚಿಟ್ಟೆ ಬೇಕೆಂದರೆ ಪೆಂಟಾಸ್ ನೆಡಿ, ತಿಳಿನೀಲಿ ಬೇಕೆಂದರೆ ಪ್ಲಂಬಾಗೊ ನೆಡಿ.

ಪೊದೆಗಳ ಬುಡದಲ್ಲಿ ಖಾಲಿ ಉಳಿಯುವ ನೆಲಕ್ಕೆ ಬಹುವಾರ್ಷಿಕ ಹೂಗಿಡಗಳು. ಚೆಂಡುಹೂವಿನ ಹಾಗೆ ಒಂದು ಋತುವಿಗೆ ಮುಗಿದುಹೋಗದೆ, ಒಮ್ಮೆ ನೆಟ್ಟರೆ ವರ್ಷ ವರ್ಷವೂ ಉಳಿಯುವಂಥವು. ನಿತ್ಯಪುಷ್ಪ ನಿಮಗೆಲ್ಲ ಗೊತ್ತು. ಮಡಗಾಸ್ಕರ್ ದ್ವೀಪದಿಂದ ಬಂದ ಗಿಡ. ರಕ್ತದ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ಎಂಬ ಔಷಧ ಸಿಕ್ಕಿದ್ದು ಇದರಿಂದಲೇ, ಹಾಗೆಂದು ಮನೆಯಲ್ಲಿ ಎಲೆ ಜಗಿಯುವ ಸಾಹಸ ಯಾರೂ ಮಾಡಬಾರದು, ಅದು ವಿಷ. ಬಿಸಿಲು ಕೊಟ್ಟು, ನೀರು ನಿಲ್ಲದಂತೆ ನೋಡಿಕೊಂಡರೆ ತಾನೇ ಬೀಜ ಉದುರಿಸಿ ತಾನೇ ಹುಟ್ಟುತ್ತದೆ. ಮಳೆ ಲಿಲ್ಲಿಯ ಗೆಡ್ಡೆಗಳನ್ನು ಅಂಚಿನುದ್ದಕ್ಕೂ ಹೂತಿಟ್ಟು ಮರೆತುಬಿಡಬಹುದು. ಒಣಗಿದ ನೆಲಕ್ಕೆ ಒಂದು ಒಳ್ಳೆಯ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಸಾಲಿಗೆ ಸಾಲೇ ಅರಳುತ್ತದೆ. ಡೇ ಲಿಲ್ಲಿಯೂ ಗಟ್ಟಿ ಗಿಡ. ಹೂವಿಗೆ ಒಂದು ದಿನದ ಬಾಳು, ಆದರೆ ಒಂದೇ ದಂಟಿನಲ್ಲಿ ಹಲವು ಮೊಗ್ಗು. ಮೂರು ನಾಲ್ಕು ವರ್ಷಕ್ಕೊಮ್ಮೆ ಬುಡ ಒತ್ತಾದಾಗ ಅಗೆದು ಪಾಲು ಮಾಡಿದರೆ ಸರಿ. ಬೆಕ್ಕು ಸಾಕಿದವರು ಮಾತ್ರ ಇದನ್ನು ತರಬಾರದು, ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ.

ಗಿಡ ಆರಿಸುವಾಗ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ, ಇದು ಬೆಳೆದ ಮೇಲೆ ಎಷ್ಟಾಗುತ್ತದೆ ಎಂಬುದು. ಆರು ಅಡಿ ಅಗಲಕ್ಕೆ ಹರಡುವ ಗಿಡವನ್ನು ಕಿಟಕಿಯ ಕೆಳಗೆ ಎರಡಡಿ ಜಾಗದಲ್ಲಿ ನೆಟ್ಟರೆ ಜೀವಮಾನವಿಡೀ ಕತ್ತರಿ ಹಿಡಿದು ನಿಲ್ಲಬೇಕು. ಕತ್ತರಿಸಿದಷ್ಟೂ ಹೂ ಹೋಗುತ್ತದೆ. ಕೇಪಳದ ಮೊಗ್ಗು ಕೊಂಬೆಯ ತುದಿಯಲ್ಲೇ ಬರುವುದರಿಂದ, ಅದನ್ನು ಪದೇಪದೇ ಚೆಂಡಿನಂತೆ ದುಂಡಗೆ ಕತ್ತರಿಸುವವರಿಗೆ ಎಲೆಯ ಚೆಂಡೇ ಗತಿ. ಜಾಗ ಕಡಿಮೆಯಿದ್ದರೆ ಗಿಡ್ಡ ತಳಿಯನ್ನೇ ಕೇಳಿ ತನ್ನಿ. ನೆಟ್ಟ ಹೊಸದರಲ್ಲಿ ನಡುವೆ ಖಾಲಿ ಕಾಣುತ್ತದೆ. ಕಾಣಲಿ. ಎರಡು ವರ್ಷದಲ್ಲಿ ತುಂಬುತ್ತದೆ, ಅಲ್ಲಿಯವರೆಗೆ ನಡುವೆ ನಿತ್ಯಪುಷ್ಪ ಇರಲಿ.

ಸಸಿ ಆರಿಸುವಾಗ ಹೂವಿನ ಮೇಲೆ ಕಣ್ಣು ಹೋಗುವುದು ಸಹಜ, ಆದರೆ ನೋಡಬೇಕಾದದ್ದು ಬೇರು. ಕುಂಡದ ತಳದ ತೂತಿನಿಂದ ದಪ್ಪ ಬೇರುಗಳು ಹೊರಬಂದಿದ್ದರೆ ಅದು ಆ ಕುಂಡದಲ್ಲಿ ಬಹಳ ದಿನ ಇದ್ದದ್ದು. ಬೇರು ಒಳಗೆ ಸಿಂಬಿ ಸುತ್ತಿಕೊಂಡಿರುತ್ತದೆ. ಅಂಥದ್ದೇ ಸಿಕ್ಕರೆ, ನೆಡುವಾಗ ಸುತ್ತಿದ ಬೇರನ್ನು ಬಿಡಿಸಿ, ಬಿಡದಿದ್ದರೆ ಪಕ್ಕದಲ್ಲಿ ಮೂರು ನಾಲ್ಕು ಕಡೆ ಸೀಳಿ ನೆಡಬೇಕು. ಇಲ್ಲವಾದರೆ ವರ್ಷ ಕಳೆದರೂ ಬೇರು ಆ ಸುತ್ತನ್ನು ಬಿಟ್ಟು ಹೊರಗೆ ಹೋಗುವುದಿಲ್ಲ. ಗುಂಡಿ ಬೇರುಮುದ್ದೆಯ ಎರಡು ಪಟ್ಟು ಅಗಲವಿರಲಿ, ಆಳ ಮಾತ್ರ ಮುದ್ದೆಯಷ್ಟೇ. ಕಾಂಡ ಮಣ್ಣಿನಲ್ಲಿ ಹೂತುಹೋದರೆ ಕೊಳೆಯುತ್ತದೆ. ಮೇಲೆ ಎರಡು ಮೂರು ಅಂಗುಲ ತರಗೆಲೆಯ ಹೊದಿಕೆ ಹಾಕಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ.

ಮೊದಲ ವರ್ಷ ಯಾವ ಗಿಡವೂ ಆರೈಕೆ ಬೇಡದ ಗಿಡವಲ್ಲ. ಬರಕ್ಕೆ ಜಗ್ಗದ ಬೋಗನ್‌ವಿಲ್ಲೆಯ ಬೇರು ಕೂಡ ಆಗ ಕುಂಡದಷ್ಟೇ ಅಗಲ ಇರುತ್ತದೆ. ದಿನವೂ ಒಂದು ಚೊಂಬು ಚಿಮುಕಿಸಿದರೆ ಬೇರು ಮೇಲ್ಮಣ್ಣಿನಲ್ಲೇ ಉಳಿಯುತ್ತದೆ. ವಾರಕ್ಕೆ ಎರಡು ಬಾರಿ, ಬುಡದಿಂದ ಒಂದಡಿ ಕೆಳಗೂ ನೆನೆಯುವಷ್ಟು ನಿಧಾನವಾಗಿ ಕೊಡಿ. ಬೆರಳನ್ನು ಮಣ್ಣಿಗೆ ಚುಚ್ಚಿ ನೋಡಿ, ಎರಡು ಅಂಗುಲದ ಕೆಳಗೆ ತಂಪಿದ್ದರೆ ಇವತ್ತು ನೀರು ಬೇಡ. ಎರಡನೆಯ ವರ್ಷ ಆ ಅಂತರವನ್ನು ಹತ್ತು ದಿನಕ್ಕೆ, ಆಮೇಲೆ ಹದಿನೈದು ದಿನಕ್ಕೆ ಒಯ್ಯುತ್ತಾ ಬನ್ನಿ. ಬಿಸಿಲಿನ ಮಧ್ಯಾಹ್ನ ಎಲೆ ಸ್ವಲ್ಪ ಜೋತರೆ ಗಾಬರಿಯಾಗಬೇಡಿ. ಮರುದಿನ ಬೆಳಗ್ಗೆ ಮತ್ತೆ ನೆಟ್ಟಗೆ ನಿಂತಿದ್ದರೆ ಬೇರಿಗೆ ಬೇಕಾದ ತೇವ ಮಣ್ಣಿನಲ್ಲಿ ಇನ್ನೂ ಇದೆ ಎಂದೇ ತಿಳಿಯಿರಿ.

ನಮಸ್ಕಾರ.