ಕಥೆಯ ಕೆಳಗೆ ಬಾಸ್ ವಾದ್ಯ ಒಂದೇ ಸಾಕು

ಅಧ್ಯಕ್ಷರೇ, ಗ್ರಂಥಾಲಯ ಸಮಿತಿಯವರೇ, ಸ್ವಯಂಸೇವಕ ಮಿತ್ರರೇ,

ಕಥೆ ಹೇಳುವುದನ್ನೂ ಜಾಝ್ ಕಛೇರಿಯನ್ನೂ ಒಂದೇ ಸಂಜೆಗೆ ಸೇರಿಸಿ ಹಣ ಕೂಡಿಸಲು ಹೊರಟಿದ್ದೀರಿ. ಕರಪತ್ರದ ಕರಡು ನೋಡಿದೆ. ಮೊದಲ ಸಾಲೇ ‘ದಯವಿಟ್ಟು ಉದಾರವಾಗಿ ನೆರವಾಗಿ’ ಅಂತ ಇದೆ. ಅದನ್ನು ಹೊಡೆದುಹಾಕಿ. ಯಾಕೆ ಅನ್ನುವುದಕ್ಕೆ ನ್ಯೂಯಾರ್ಕಿನ ಹಾರ್ಲೆಮ್ಮಿಗೆ ಒಮ್ಮೆ ಹೋಗಿ ಬರಬೇಕು.

1920ರ ದಶಕ. ದಕ್ಷಿಣದ ರಾಜ್ಯಗಳಿಂದ ಬಂದ ಕಪ್ಪು ಜನರಿಗೆ ಊರಿನ ಬೇರೆ ಕಡೆ ಮನೆ ಸಿಗುವುದು ಕಷ್ಟ. ಹಾರ್ಲೆಮ್ಮಿನಲ್ಲೇ ಒತ್ತಿಕೊಂಡು ಇರಬೇಕು; ಅದನ್ನು ತಿಳಿದೇ ಮಾಲೀಕರು ಬಾಡಿಗೆ ಏರಿಸುತ್ತಿದ್ದರು. ಸಂಬಳ ಮಾತ್ರ ಬಿಳಿಯರಿಗಿಂತ ಕಡಿಮೆ. ಬಾಡಿಗೆ ಕಟ್ಟುವ ದಿನ ಹತ್ತಿರ ಬಂದಾಗ ಮಂಚ ಕುರ್ಚಿ ಎಲ್ಲ ಬದಿಗೆ ಸರಿಸಿ, ಪಿಯಾನೊ ನುಡಿಸುವವನೊಬ್ಬನನ್ನು ಕರೆಸಿ ಮನೆಯಲ್ಲೇ ಪಾರ್ಟಿ ಇಡುವುದು. ಬಾಗಿಲಲ್ಲಿ ಸಾಮಾನ್ಯವಾಗಿ 25 ಸೆಂಟ್. ಒಳಗೆ ಹಂದಿ ಕಾಲು, ಕರಿದ ಮೀನು, ಪಾನನಿಷೇಧದ ಕಾಲವಾದ್ದರಿಂದ ಕಳ್ಳಭಟ್ಟಿ. ಜೇಮ್ಸ್ ಪಿ. ಜಾನ್ಸನ್, ಫ್ಯಾಟ್ಸ್ ವಾಲರ್ ಅಂಥ ಜಾಝ್ ಪಿಯಾನೊ ವಾದಕರು ಪಳಗಿದ್ದು ಈ ಮನೆಗಳಲ್ಲಿ. ಅವರ ‘ಸ್ಟ್ರೈಡ್’ ಶೈಲಿಯಲ್ಲಿ ಎಡಗೈ ಒಂದು ಎಣಿಕೆಗೆ ಕೆಳಗಿನ ಸ್ವರ, ಮುಂದಿನ ಎಣಿಕೆಗೆ ಮೇಲಿನ ಕಾರ್ಡ್ (ಒಟ್ಟಿಗೆ ಒತ್ತಿದ ಹಲವು ಸ್ವರ) ಅಂತ ಹಾರುತ್ತಲೇ ಇರುತ್ತದೆ. ಬಾಸ್ (ಕೆಳದನಿಯ ದೊಡ್ಡ ತಂತಿವಾದ್ಯ), ಡ್ರಮ್ ಎರಡರ ಕೆಲಸವೂ ಅದರಲ್ಲೇ ಮುಗಿಯುತ್ತದೆ. ಬಾಡಿಗೆಗೇ ಕಾಸಿಲ್ಲದವರಿಗೆ ಇನ್ನೆಷ್ಟು ಜನರ ಬ್ಯಾಂಡು ಬೇಕು?

ಪಾರ್ಟಿ ಶನಿವಾರ, ಇಲ್ಲವೇ ಗುರುವಾರ. ಗುರುವಾರ ಯಾಕೆ? ಒಡತಿಯ ಮನೆಯಲ್ಲೇ ಇದ್ದು ಕೆಲಸ ಮಾಡುವ ಹೆಂಗಸರಿಗೆ ಅವತ್ತು ಬಿಡುವು. ನೀವು ಸಭಾಂಗಣ ಯಾವತ್ತು ಅಗ್ಗ ಅಂತ ನೋಡಿ ಮಂಗಳವಾರ ಗೊತ್ತುಮಾಡಿದ್ದೀರಿ.

ಈಗ ಕರಪತ್ರಕ್ಕೆ ಬರೋಣ. ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಈ ಪಾರ್ಟಿಗಳ ಪುಟ್ಟ ಆಹ್ವಾನ ಕಾರ್ಡುಗಳನ್ನು ಜೋಪಾನ ಮಾಡಿದ್ದರು; ಯೇಲ್ ವಿಶ್ವವಿದ್ಯಾಲಯದಲ್ಲಿ ಇವತ್ತಿಗೂ ಇವೆ. ಮೇಲೆ ಎರಡು ಪ್ರಾಸದ ಸಾಲು, ಕೆಳಗೆ ‘ಸೋಷಿಯಲ್ ವಿಸ್ಟ್ ಪಾರ್ಟಿ’, ದಿನಾಂಕ, ಮನೆ ವಿಳಾಸ, ಒಳ್ಳೆಯ ಸಂಗೀತ ಇದೆ ಅನ್ನುವ ಭರವಸೆ. ವಿಸ್ಟ್ ಅಂದರೆ ಇಸ್ಪೀಟಿನ ಒಂದು ಆಟ. ಇಸ್ಪೀಟಿಗೆಂದೇ ಬಂದವರೆಷ್ಟೋ ದೇವರೇ ಬಲ್ಲ. ‘ಬಾಡಿಗೆ ಕಟ್ಟಲು ಸಹಾಯ ಮಾಡಿ’ ಅಂತ ಬೇಡುವ ದನಿ ಮಾತ್ರ ಇಲ್ಲ, ಆದರೆ ಎಲ್ಲರಿಗೂ ಗೊತ್ತು. ನಾವೂ ಅಷ್ಟೆ, ಮದುವೆ ಕಾಗದದಲ್ಲಿ ‘ಮುಯ್ಯಿ ತನ್ನಿ’ ಅಂತ ಅಚ್ಚು ಹಾಕಿಸುತ್ತೇವೆಯೇ?

ಸರಿ, ವೇದಿಕೆಗೆ ಬರೋಣ. 1938ರಲ್ಲಿ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಜಾನಪದ ಸಂಗ್ರಾಹಕ ಅಲನ್ ಲೊಮ್ಯಾಕ್ಸ್ ಅವರು ಜಾಝ್ ಪಿಯಾನೊ ವಾದಕ ಜೆಲ್ಲಿ ರೋಲ್ ಮಾರ್ಟನ್‌ರನ್ನು ಪಿಯಾನೊ ಮುಂದೆ ಕೂರಿಸಿ ಧ್ವನಿಮುದ್ರಣ ಮಾಡಿದರು. ಮಾರ್ಟನ್ ನ್ಯೂ ಆರ್ಲಿಯನ್ಸಿನ ಕಥೆ ಹೇಳುತ್ತಾ ಕೆಳಗೆ ಮೆಲ್ಲಗೆ ಕಾರ್ಡ್ ಒತ್ತುತ್ತಿರುತ್ತಾರೆ. ಕೇಳಿದವರಿಗೆ ಇದು ಸಲೀಸು ಅನ್ನಿಸುತ್ತದೆ. ಅಲ್ಲ. ಬಾಯಿಯೂ ಕೈಯೂ ಒಬ್ಬನದೇ ಆದ್ದರಿಂದ ಮಾತು ಏರಿದಾಗ ಕೈ ತಾನಾಗಿ ಇಳಿಯುತ್ತಿತ್ತು. ನಿಮ್ಮಲ್ಲಿ ಬಾಯಿ ಒಬ್ಬರದು, ಕೈ ಬ್ಯಾಂಡಿನ ನಾಲ್ವರದು.

ಅದಕ್ಕೇ ನನ್ನ ಹಟ: ಮಾತಿನ ಕೆಳಗೆ ಬಾಸ್ ಒಂದೇ ಸಾಕು. ಅದರ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಸ್, ಅಂದರೆ ಸೆಕೆಂಡಿಗೆ 41 ಕಂಪನ. ಮಾತಿನ ದನಿ ಅದಕ್ಕಿಂತ ತುಂಬ ಮೇಲೆ. ಟೆನರ್ ಸ್ಯಾಕ್ಸೊಫೋನ್ ಸುಮಾರು 104ರಿಂದ 660 ಹರ್ಟ್ಸ್, ಅಂದರೆ ಗಂಡಿನ ದನಿ, ಹೆಣ್ಣಿನ ದನಿ ಎರಡೂ ಓಡಾಡುವ ಓಣಿಯಲ್ಲೇ ಅದೂ ಓಡಾಡುತ್ತದೆ. ‘ಡ್ರಮ್ಮಿಗೆ ಕೋಲಿನ ಬದಲು ತಂತಿಯ ಬ್ರಷ್ ಹಾಕಿಸಿದ್ದೇವೆ, ಮೆಲ್ಲಗಿರುತ್ತದೆ’ ಅನ್ನುತ್ತೀರಿ. ಬ್ರಷ್ಷಿನ ಸರಸರ ಸದ್ದು ನಮ್ಮ ಸ, ಶ, ಷ ಇರುವ ಎತ್ತರದಲ್ಲೇ ಇದೆ. ‘ಶಾಸ್ತ್ರಿಗಳ ಸೊಸೆ’ ಅಂದರೆ ಹಿಂದಿನ ಸಾಲಿಗೆ ‘ಆತ್ರಿಗಳ ಒಎ’ ಅಂತ ಕೇಳುತ್ತದೆ. (ನಗು)

ಬಾಸ್ ಏನು ನುಡಿಸಬೇಕು? ಹನ್ನೆರಡು ಬಾರಿನ ಬ್ಲೂಸ್, ಅಂದರೆ ಹನ್ನೆರಡು ಆವರ್ತಕ್ಕೆ ಒಂದು ಸುತ್ತು ಮುಗಿದು ಮತ್ತೆ ಮೊದಲಿನಿಂದ ಶುರುವಾಗುವ ಹಾಡಿನ ಚೌಕಟ್ಟು. ಬಾರಿಗೆ 4 ಎಣಿಕೆ, ಒಟ್ಟು 48. ನಿಮಿಷಕ್ಕೆ 96ರ ನಡೆಯಲ್ಲಿ ಒಂದು ಸುತ್ತಿಗೆ ಸರಿಯಾಗಿ 30 ಸೆಕೆಂಡು. 7 ನಿಮಿಷದ ಕಥೆಗೆ 14 ಸುತ್ತು. ಹನ್ನೆರಡನೆಯದು ಮುಗಿದಾಗ ಪಿಯಾನೊದವರು ಒಂದೇ ಒಂದು ಕಾರ್ಡ್ ನುಡಿಸಲಿ. ಒಂದು ನಿಮಿಷ ಉಳಿದಿದೆ ಅಂತ ಕಥೆಗಾರರಿಗೆ ತಿಳಿಯುತ್ತದೆ, ಸಭಿಕರಿಗೆ ತಿಳಿಯುವುದಿಲ್ಲ. ಗಂಟೆ ಬಾರಿಸುವುದು, ಚೀಟಿ ಕಳಿಸುವುದು ಬೇಕಿಲ್ಲ. ಕಥೆ ಲಂಬಿಸಿದರೆ ಕೊನೆಯ ಎರಡು ಬಾರನ್ನೇ ತಿರುಗಿಸುತ್ತಾ ಇರಬಹುದು, ಎಲ್ಲಿ ಬೇಕಾದರೂ ನಿಲ್ಲುತ್ತದೆ. ಕಥೆಯ ಗಂಟು ಬಿಚ್ಚುವ ಜಾಗದಲ್ಲಿ ಬಾಸ್ ಕೂಡ ಎರಡು ಬಾರ್ ಸುಮ್ಮನಿರಲಿ. ಐದೇ ಸೆಕೆಂಡು. ಒಳಗೆ ಎಣಿಕೆ ನಡೆದಿರಬೇಕು, ಅಷ್ಟೆ. ಬಾಸಿನವರು ಕಥೆಗಾರರ ಮುಖ ಕಾಣುವಂತೆ ಪಕ್ಕದಲ್ಲೇ ನಿಲ್ಲಲಿ, ಬೆನ್ನ ಹಿಂದೆ ಬೇಡ.

ಹಾಗಾದರೆ ಸ್ಯಾಕ್ಸೊಫೋನಿನವರು ಸುಮ್ಮನೆ ಕೂತಿರಬೇಕೇ? ಅವರ ಸರದಿ ಹಣ ಕೇಳುವಾಗ. ಹರಿಕಥೆಯಲ್ಲಿ ಮಂಗಳಾರತಿ ತಟ್ಟೆ ಬರುವಾಗ ದಾಸರು ಲೆಕ್ಕ ಹೇಳುವುದಿಲ್ಲ, ಹಾಡುತ್ತಿರುತ್ತಾರೆ. ನಿಮ್ಮಲ್ಲೂ ಮೂರನೆಯ ಕಥೆ ಮುಗಿದ ಕೂಡಲೇ ಒಬ್ಬರು, ಒಬ್ಬರೇ, ಬಂದು ಎರಡು ನಿಮಿಷ ಮಾತಾಡಲಿ: ಕಪಾಟಿಗೆ ಇಷ್ಟು, ಮಕ್ಕಳ ಪುಸ್ತಕಕ್ಕೆ ಇಷ್ಟು. ಆಮೇಲೆ ಇಡೀ ಬ್ಯಾಂಡು 6 ನಿಮಿಷ ನುಡಿಸಲಿ, ಆ ಹೊತ್ತಿನಲ್ಲಿ ತಟ್ಟೆ ತಿರುಗಲಿ. ವಿರಾಮದಲ್ಲಿ ಕೇಳಿದರೆ ಜನ ಕಾಫಿಗೆ ಏಳುತ್ತಾರೆ. ಕೊನೆಯಲ್ಲಿ ಕೇಳಿದರೆ ಚಪ್ಪಲಿ ಹುಡುಕುತ್ತಿರುತ್ತಾರೆ.

ಕ್ಯೂಆರ್ ಕೋಡನ್ನು ಪರದೆಯ ಮೇಲೆ ಮಾತ್ರ ತೋರಿಸಬೇಡಿ. ಕೋಡಿನ ಅಗಲದ ಸುಮಾರು ಹತ್ತು ಪಟ್ಟು ದೂರದವರೆಗೆ ಮಾತ್ರ ಫೋನು ಅದನ್ನು ತಪ್ಪದೆ ಓದುತ್ತದೆ. 10 ಮೀಟರ್ ಹಿಂದೆ ಕೂತವರಿಗೆ 1 ಮೀಟರ್ ಅಗಲದ ಕೋಡು ಬೇಕು. ಪ್ರತಿ ಕುರ್ಚಿಯ ಮೇಲೂ ಕೋಡು ಅಚ್ಚಾದ ಒಂದು ಚೀಟಿ ಇರಲಿ. ನೆಲಮಾಳಿಗೆಯ ಸಭಾಂಗಣವಾದರೆ ಸಿಗ್ನಲ್ ಕೈಕೊಡುತ್ತದೆ, ನಗದಿಗೆ ಡಬ್ಬಿ, ರಸೀದಿ ಪುಸ್ತಕ ಇಡಿ. ನಗದಾಗಿ 2,000 ರೂಪಾಯಿ ಮೀರಿದ ದಾನಕ್ಕೆ ತೆರಿಗೆ ವಿನಾಯಿತಿ ಸಿಗುವುದಿಲ್ಲ ಅಂತ ಮೇಜಿನ ಬಳಿ ಕೂತು ಹಣ ಪಡೆಯುವವರಿಗೆ ಮೊದಲೇ ಹೇಳಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಇವರಿಗೂ ಹನ್ನೆರಡನೆಯ ಸುತ್ತು ಆಯಿತು ಅಂತ ಕಾಣುತ್ತದೆ. ಉಳಿದದ್ದು ಬೇಗ ಬೇಗ. ಬಯಲಿನಲ್ಲಾದರೆ ಧ್ವನಿವರ್ಧಕಕ್ಕೆ ಅನುಮತಿ ಬೇಕು, ರಾತ್ರಿ 10ಕ್ಕೆ ನಿಲ್ಲಿಸಬೇಕು. ಬೇರೆಯವರ ಟ್ಯೂನ್ ನುಡಿಸಿದರೆ ಹಕ್ಕುಸ್ವಾಮ್ಯದ ಪರವಾನಗಿ ಬೇಕಾಗಬಹುದು, ಮೊದಲೇ ವಿಚಾರಿಸಿ. ಸೌಂಡ್ ಚೆಕ್ಕಿನಲ್ಲಿ ಬ್ಯಾಂಡೊಂದನ್ನೇ ಪರೀಕ್ಷಿಸಿ ಬಿಡಬೇಡಿ, ಬಾಸ್ ಜತೆಗೆ ಎರಡು ನಿಮಿಷ ಕಥೆ ಹೇಳಿಸಿ, ಒಬ್ಬರು ಕೊನೆಯ ಸಾಲಿನಲ್ಲಿ ಕೂತು ಕೇಳಲಿ.

ಇನ್ನೊಂದು, ಜಮಖಾನ. ನುಣುಪು ನೆಲದಲ್ಲಿ ದೊಡ್ಡ ಡ್ರಮ್ಮು ಒಂದೊಂದು ಒದೆತಕ್ಕೂ ಮುಂದೆ ಜಾರುತ್ತಾ ಹೋಗುತ್ತದೆ. ಆರಡಿ ಉದ್ದಗಲದ್ದು ಸಾಕು, ಡ್ರಮ್ಮಿನವರ ಸ್ಟೂಲೂ ಅದರ ಮೇಲೇ ಇರಲಿ. ಬಾಡಿಗೆಗೆ ತರಬೇಡಿ. ಈ ಸಭೆಯಲ್ಲಿ ಯಾರ ಮನೆಯಲ್ಲಿದೆ, ಕೈ ಎತ್ತಿ.